ಆ ಲ್ಯಾಪ್‌ಟಾಪಲ್ಲಿ ಇನ್ನೊಂದು ಪಾಸ್‌ವರ್ಡೂ ಟೈಪ್ ಮಾಡ್ಬೇಡಿ

ಅತ್ತಿಗೆ, ಮಂಡ್ಯದಿಂದ ನೀವು ಹಾಕಿದ ವಾಯ್ಸ್ ಮೆಸೇಜ್ ಕೇಳಿದೆ. ಮಗ ಕ್ರ್ಯಾಕ್ ಮಾಡಿರೋ ವಿಡಿಯೋ ಎಡಿಟರ್ ಹಾಕ್ಕೊಂಡ, ಅವನ ಇನ್‌ಸ್ಟಾಗ್ರಾಮಲ್ಲಿ ಅವನು ಹಾಕದ ಪೋಸ್ಟ್ ಬಂತು, ಪಾಸ್‌ವರ್ಡ್ ಬದಲಾಯಿಸಿದ್ರೂ ಮತ್ತೆ ಬಂತು ಅಂತ. ಮೊದ್ಲು ಆ ಲ್ಯಾಪ್‌ಟಾಪಿನ ವೈಫೈ ಆಫ್ ಮಾಡ್ಸಿ.

ಇದು ಸ್ಟೀಲರ್ ಇದ್ದಂಗಿದೆ, ಅಂದ್ರೆ ಕಂಪ್ಯೂಟರಿಂದ ಪಾಸ್‌ವರ್ಡ್, ಕುಕೀ ಎಲ್ಲ ಕದ್ದು ಕಳಿಸೋ ಕಳ್ಳ ಪ್ರೋಗ್ರಾಮು. ಲುಮ್ಮಾ, ರೆಡ್‌ಲೈನ್, ವಿಡಾರ್ ಅಂತೆಲ್ಲ ಇದಾವೆ. ಕ್ರೋಮಲ್ಲಿ ಸೇವ್ ಮಾಡಿದ ಪಾಸ್‌ವರ್ಡೆಲ್ಲ 'ಲಾಗಿನ್ ಡೇಟಾ' ಅನ್ನೋ ಒಂದೇ ಫೈಲಲ್ಲಿರುತ್ತೆ. ಬೀಗ ಇರುತ್ತೆ, ಆದ್ರೆ ಕೀ ಇರೋದು ವಿಂಡೋಸ್ ಕೈಲಿ. ಹುಡುಗ ತಾನೇ ಕ್ಲಿಕ್ ಮಾಡಿ ಓಡಿಸಿದ ಪ್ರೋಗ್ರಾಮು ಅವನ ಹೆಸರಲ್ಲೇ ಕೀ ಕೇಳುತ್ತೆ, ವಿಂಡೋಸ್ ಕೊಟ್ಬಿಡುತ್ತೆ. 2024ರಲ್ಲಿ ಕ್ರೋಮಿನ 127ನೇ ವರ್ಷನ್ನಿಂದ ಗೂಗಲ್ ಇನ್ನೊಂದು ಬೀಗ ಸೇರಿಸ್ತು. ಕೆಲವೇ ತಿಂಗಳಲ್ಲಿ ಕಳ್ಳರು ಅದನ್ನೂ ದಾಟಿದ್ರು.

ಪಾಸ್‌ವರ್ಡಿಗಿಂತ ಕೆಟ್ಟದ್ದು ಕುಕೀ, ಅಂದ್ರೆ ಸೈಟು ಬ್ರೌಸರಲ್ಲಿ ಇಟ್ಟಿರೋ ಗುರುತಿನ ಚೀಟಿ, ಹೋಗೋದು. ಒಂದ್ಸಲ ಲಾಗಿನ್ ಆದ್ಮೇಲೆ ಸೈಟು ನಮ್ಮನ್ನ ಗುರುತು ಹಿಡಿಯೋದೇ ಕುಕೀಯಿಂದ. ಅದು ಕಳ್ಳನ ಕೈಗೆ ಸಿಕ್ರೆ ಎಷ್ಟೋ ಸೈಟು ಓಟಿಪಿನೂ ಕೇಳಲ್ಲ. ಅದಕ್ಕೇ ಬರೀ ಪಾಸ್‌ವರ್ಡ್ ಬದಲಾಯಿಸಿದ್ರೆ ಸಾಲದು, ಅದೂ ಅದೇ ಲ್ಯಾಪ್‌ಟಾಪಲ್ಲಿ ಬದಲಾಯಿಸಿದ್ರೆ ಹೊಸದೂ ಅವರಿಗೇ ಹೋಗಬಹುದು.

ಈಗ ಫೋನ್ ತಗೊಳ್ಳಿ. ಮೊದ್ಲು ಜೀಮೇಲ್, ಯಾಕಂದ್ರೆ ಮಿಕ್ಕಿದ್ದೆಲ್ಲದರ ರೀಸೆಟ್ ಲಿಂಕ್ ಬರೋದು ಅಲ್ಲಿಗೇ. ಗೂಗಲ್ ಅಕೌಂಟಿನ ಸೆಕ್ಯೂರಿಟಿಯಲ್ಲಿ 'ಯುವರ್ ಡಿವೈಸಸ್'ಗೆ ಹೋಗಿ ಆ ಲ್ಯಾಪ್‌ಟಾಪನ್ನ, ಗೊತ್ತಿಲ್ಲದ ಡಿವೈಸ್ ಇದ್ರೆ ಅದನ್ನೂ ಸೈನ್ ಔಟ್ ಮಾಡಿ. ರಿಕವರಿ ನಂಬರ್ ನಿಮ್ಮದೇನಾ ನೋಡಿ. ಆಮೇಲೆ ಪಾಸ್‌ವರ್ಡ್. ಆಲೆಮನೆ ಲೆಕ್ಕಕ್ಕೆ ಅಣ್ಣ ಅದೇ ಕ್ರೋಮಲ್ಲಿ ನೆಟ್‌ಬ್ಯಾಂಕಿಂಗ್ ತೆಗೀತಾರಲ್ಲ, ಇವತ್ತೇ ಬ್ಯಾಂಕಿಗೆ ಫೋನ್ ಮಾಡಿ ಬ್ಲಾಕ್ ಮಾಡ್ಸಿ. ದುಡ್ಡು ಹೋಗಿದ್ರೆ ತಡ ಮಾಡ್ದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇನ್‌ಸ್ಟಾಗ್ರಾಮ್ ಕೊನೆಗೆ, ಅಲ್ಲೂ ಎಲ್ಲಾ ಡಿವೈಸಿಂದ ಲಾಗ್ ಔಟ್ ಮಾಡಿ.

ಆಂಟಿವೈರಸ್ ಏನೂ ಸಿಗಲಿಲ್ಲ ಅಂದ್ರೆ ನಂಬ್ಬೇಡಿ. ಎಷ್ಟೋ ಸ್ಟೀಲರ್‌ಗಳು ಕದ್ದಿದ್ದನ್ನ ಕಳಿಸಿ ತಮ್ಮನ್ನ ತಾವೇ ಅಳಿಸ್ಕೊಳ್ತವೆ. ಫೋಟೋ, ಲೆಕ್ಕದ ಫೈಲು ಮಾತ್ರ ಪೆನ್‌ಡ್ರೈವಿಗೆ ಹಾಕ್ಕೊಳ್ಳಿ, ಜಿಪ್, ಸೆಟಪ್ ಯಾವುದೂ ಬೇಡ. ಸೆಟ್ಟಿಂಗ್ಸಲ್ಲಿ ರಿಕವರಿ, 'ರೀಸೆಟ್ ದಿಸ್ ಪಿಸಿ', 'ರಿಮೂವ್ ಎವೆರಿಥಿಂಗ್' ಕೊಡಿ. ವಿಂಡೋಸ್ ಹೊಸದಾಗಿ ಕೂರೋವರೆಗೂ ಅದ್ರಲ್ಲಿ ಯಾವುದಕ್ಕೂ ಲಾಗಿನ್ ಆಗ್ಬೇಡಿ.

ಮೈಸೂರಲ್ಲಿ ರೂಮ್ ಮಾಡ್ಕೊಂಡಿರೋ ಹುಡುಗ್ರೂ ಕೇಳಿಸ್ಕೊಳ್ಳಿ. ಕ್ರ್ಯಾಕ್ ಮಾಡಿರೋ ಸಾಫ್ಟ್‌ವೇರಿನ ಜಿಪ್ ಫೈಲಿಗೆ ಪಾಸ್‌ವರ್ಡ್ ಹಾಕಿ ಕೊಡೋದು ಆಂಟಿವೈರಸ್ ಒಳಗೆ ನೋಡ್ಬಾರ್ದು ಅಂತ. ಸ್ಟೀಲರ್ ಒಳಗೆ ಬರೋ ಇನ್ನೊಂದು ದಾರಿ, 'ನಾನು ರೋಬೋಟ್ ಅಲ್ಲ' ಅನ್ನೋ ಪೇಜು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ವಿ, ಎಂಟರ್ ಅನ್ನುತ್ತೆ. ನಿಜವಾದ ಕ್ಯಾಪ್ಚಾ ಯಾವತ್ತೂ ಹಂಗೆ ಕೇಳಲ್ಲ. ಟ್ಯಾಬ್ ಮುಚ್ಚಿ. ಎಂಟರ್ ಒತ್ತಿ ಆಗಿದ್ರೆ ಅತ್ತಿಗೆಗೆ ಹೇಳಿದ್ದೆಲ್ಲ ನೀವೂ ಮಾಡ್ಬೇಕು, ವೈಫೈ ಆಫ್ ಮಾಡೋದ್ರಿಂದಲೇ.