ಮನೆಯಲ್ಲೇ ಚೂರಿ ತಯಾರಿಸುವ ಹವ್ಯಾಸ: ನೋಡಿದವರು ಏನೆನ್ನುತ್ತಾರೆ?

ತೋಟದಬದಿ (ಬದಿಯಡ್ಕ) ಕೇಳಿದ್ದಾರೆ:

ಮಾನ್ಯರೇ, ನಾನು ಅಡಿಕೆ ಕೃಷಿಕ. ಬಿಡುವಿದ್ದಾಗ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಲಾರಿಗಳ ಹಳೆಯ ಲೀಫ್ ಸ್ಪ್ರಿಂಗ್ ಪಟ್ಟಿಗಳಿಂದ ಚೂರಿಗಳನ್ನು ಮಾಡುತ್ತೇನೆ. ಗೆರಟೆ ಇದ್ದಿಲಿನಲ್ಲಿ ಕಾಸಿ ಬಡಿದು, ಅರದಿಂದ ಉಜ್ಜಿ ರೂಪ ಕೊಟ್ಟ ಮೇಲೆ, ಅಯಸ್ಕಾಂತಕ್ಕೆ ಅಂಟದಷ್ಟು, ಅಂದರೆ ಸುಮಾರು 770 ಡಿಗ್ರಿ ದಾಟಿ ಇನ್ನೂ ಸ್ವಲ್ಪ ಕಾಯುವವರೆಗೆ ಬಿಟ್ಟು ಎಣ್ಣೆಯಲ್ಲಿ ಅದ್ದುತ್ತೇನೆ. ಆಮೇಲೆ ಓವನಿನಲ್ಲಿ 200 ಡಿಗ್ರಿ ಶಾಖದಲ್ಲಿಟ್ಟು ಹದಗೊಳಿಸುತ್ತೇನೆ. ಕೆಲಸದ ಬಗ್ಗೆ ನನಗೆ ಸಂದೇಹಗಳಿಲ್ಲ. ಜನರ ಪ್ರತಿಕ್ರಿಯೆಯೇ ಅರ್ಥವಾಗುತ್ತಿಲ್ಲ.

ನಮ್ಮ ಮನೆಯಲ್ಲಿ ಮೆಟ್ಟುಕತ್ತಿ, ಅಡಿಕೆ ಸುಲಿಯುವ ಕತ್ತಿ, ಹುಲ್ಲು ಹೆರೆಯುವ ಕತ್ತಿ, ಮಡಲು ಕಡಿಯುವ ಕತ್ತಿ ಎಲ್ಲವೂ ಇವೆ. ಬಂದ ನೆಂಟರಲ್ಲಿ ಯಾರೂ ಅವುಗಳನ್ನು ಕಂಡು ಹೆದರಿದ್ದಿಲ್ಲ. ಆದರೆ ಅಂಗೈಯಲ್ಲಿ ಹಿಡಿಸುವ ನನ್ನ ಚೂರಿಯೊಂದನ್ನು ತೋರಿಸಿದರೆ ಸಾಕು, "ಯಾರನ್ನು ಕಡಿಯುವುದಕ್ಕೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಒಂದು ಉಪನಯನದ ಊಟದ ಪಂಕ್ತಿಯಲ್ಲಿ ಹಿರಿಯ ಸಂಬಂಧಿಕರೊಬ್ಬರು, ಮನೆಯಲ್ಲಿ ಏನಾದರೂ ತೊಂದರೆ ಇದೆಯೇ ಎಂದು ನನ್ನ ಹೆಂಡತಿಯನ್ನು ಪ್ರತ್ಯೇಕವಾಗಿ ವಿಚಾರಿಸಿದರಂತೆ. ಬೆಂಗಳೂರಿನ ಗೆಳೆಯರು ಮಾತ್ರ ಅದೇ ಚೂರಿಯ ಫೋಟೋ ನೋಡಿ ಬೆಲೆ ಕೇಳುತ್ತಾರೆ. ಈ ಹವ್ಯಾಸವುಳ್ಳ ಉಳಿದವರಿಗೆ ಇಂತಹ ಅನುಭವ ಆಗಿದೆಯೇ? ನೀವು ಏನು ಉತ್ತರ ಕೊಡುತ್ತೀರಿ?

ಹಲಸಿನಮರ (ಕುಂಬಳೆ) ಉತ್ತರ:

ನನ್ನ ತಮ್ಮನಿಗೂ ಇದೇ ಹುಚ್ಚು ಇರುವುದರಿಂದ ಎರಡು ಮಾತು ಬರೆಯುತ್ತೇನೆ. ಜನರು ಅಲಗಿಗೆ ಹೆದರುವುದಿಲ್ಲ, ಉದ್ದೇಶ ಕಾಣದ ಅಲಗಿಗೆ ಹೆದರುತ್ತಾರೆ. ಮಡಲು ಕಡಿಯುವ ಕತ್ತಿ ನಿಮ್ಮ ಚೂರಿಗಿಂತ ಎಷ್ಟೋ ಭಾರವಾದದ್ದು, ಆದರೆ ಅದರ ಬಾಗಿದ ಮೂತಿಯನ್ನು ನೋಡಿದೊಡನೆ ಅದರ ಕೆಲಸ ಯಾವುದೆಂದು ತಿಳಿಯುತ್ತದೆ. ತಮ್ಮ ಮೊದಲಿಗೆ ಎರಡೂ ಕಡೆ ಬಾಯಿಯಿರುವ, ತುದಿ ಚೂಪಾದ ಒಂದನ್ನು ಮಾಡಿದಾಗ ನಮ್ಮ ಅಜ್ಜಿ ಅದನ್ನು ದೇವರ ಕೋಣೆಯ ಹತ್ತಿರ ತರಬೇಡ ಎಂದರು. ತರಕಾರಿ ಹೆಚ್ಚುವುದಕ್ಕೆ ತಕ್ಕ ಅಗಲವಾದ ಅಲಗಿನ ಚೂರಿ ಮಾಡಿದ ಮೇಲೆ ಅದೇ ಅಜ್ಜಿ, ಇನ್ನೊಂದನ್ನು ಮಗಳ ಮನೆಗೂ ಮಾಡಿಕೊಡು ಎಂದು ಕೇಳಿದರು. ಆದ್ದರಿಂದ ಹೊಸಬರಿಗೆ ಮೊದಲು ಅಡುಗೆಮನೆಯದನ್ನು ತೋರಿಸಿ, ಸಾಧ್ಯವಿದ್ದರೆ ಅವರ ಕೈಯಿಂದಲೇ ಒಂದು ಸೌತೆಕಾಯಿ ಹೆಚ್ಚಿಸಿ.

ಉಡುಗೊರೆ ಕೊಡುವಾಗ ಇನ್ನೊಂದು ತರಹದ ಪ್ರತಿಕ್ರಿಯೆ ಎದುರಾಗುತ್ತದೆ. ಚೂರಿಯನ್ನು ಕೈಯಿಂದ ಕೈಗೆ ಕೊಡಬಾರದು, ಕೆಳಗಿಟ್ಟು ತೆಗೆದುಕೊಳ್ಳಬೇಕು, ಪುಕ್ಕಟೆಯಾಗಿ ಪಡೆದರೆ ಸ್ನೇಹ ಕಡಿಯುತ್ತದೆ ಎಂಬ ನಂಬಿಕೆಯುಳ್ಳವರು ಒಂದು ರೂಪಾಯಿ ಕೊಡದೆ ಮುಟ್ಟುವುದಿಲ್ಲ. ಆ ರೂಪಾಯಿಯನ್ನು ವಾದ ಮಾಡದೆ ತೆಗೆದುಕೊಳ್ಳಿ.

ತಮ್ಮನಿಗೆ ಹೆಚ್ಚು ಬೇಸರ ತಂದದ್ದು ಮಾತ್ರ ಬೇರೆಯೇ. ಮಾವಿನಕಾಯಿ, ಬಾಳೆಕಾಯಿ ಹೆಚ್ಚಿದ ಮೇಲೆ ಕಾರ್ಬನ್ ಉಕ್ಕು ಕಪ್ಪು, ನೀಲಿ ಬಣ್ಣಕ್ಕೆ ತಿರುಗುತ್ತದೆ. ಸ್ಟೀಲಿನ ಚಾಕುಗಳಿಗೆ ಒಗ್ಗಿದ ಕಣ್ಣಿಗೆ ಇದು ಕಳಪೆ ಮಾಲಿನಂತೆ ಕಾಣುತ್ತದೆ. ಚಿಕ್ಕಮ್ಮ ಅವನು ಕೊಟ್ಟದ್ದನ್ನು ಹುಣಿಸೆಹುಳಿ ಹಾಕಿ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದರು. ಮರುದಿನ ನಿಜವಾದ ತುಕ್ಕೇ ಹಿಡಿಯಿತು. ಆ ಕಪ್ಪು ಪದರವು ತುಕ್ಕನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆಂದೂ, ತೊಳೆದು ಒರೆಸಿ ತೆಂಗಿನೆಣ್ಣೆ ಸವರಿಡಬೇಕೆಂದೂ ಕೊಡುವಾಗಲೇ ಹೇಳಿಬಿಡಿ.

ಗಡಿಯಾಚೆ (ಉಪ್ಪಳ) ಉತ್ತರ:

ಪೊಲೀಸರ ಭಯ ಹುಟ್ಟಿಸುವವರೂ ಬರುತ್ತಾರೆ, ಆದ್ದರಿಂದ ಕಾನೂನು ತಿಳಿದಿರಲಿ. 1959ರ ಶಸ್ತ್ರಾಸ್ತ್ರ ಕಾಯ್ದೆಯು ಗೃಹೋಪಯೋಗಕ್ಕೆ ಅಥವಾ ಕೃಷಿಗೆ ಮಾತ್ರವೇ ತಯಾರಿಸಿದ ವಸ್ತುಗಳನ್ನು ಶಸ್ತ್ರಗಳೆಂದು ಪರಿಗಣಿಸುವುದಿಲ್ಲ. 2016ರ ನಿಯಮಾವಳಿಯಲ್ಲಿ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು ಶಸ್ತ್ರಗಳ ಪಟ್ಟಿಯಲ್ಲಿವೆ, ಅಲ್ಲಿಯೂ ಮನೆ, ಕೃಷಿ, ಕೈಗಾರಿಕೆಗಳ ಬಳಕೆಗೆಂದು ರೂಪಿಸಿದವುಗಳಿಗೆ ವಿನಾಯಿತಿ ಇದೆ. ನಮ್ಮ ಅಡುಗೆಮನೆಯ ಅಗಲವಾದ ಕತ್ತಿಗಳಿಗೆ ಯಾರೂ ಲೈಸೆನ್ಸ್ ಕೇಳದಿರುವುದು ಇದರಿಂದಲೇ. ಆದರೆ ಕಠಾರಿ, ಖಡ್ಗಗಳಂತಹವುಗಳಿಗೆ ಈ ರಕ್ಷಣೆ ಸಿಗುವುದಿಲ್ಲ, ಪಟ್ಟಿಯಲ್ಲಿರುವ ಆಯುಧಗಳನ್ನು ತಯಾರಿಸಿ ಮಾರುವುದಕ್ಕೆ ಪರವಾನಗಿ ಬೇಕು. ಹೊಸ ಚೂರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪೇಟೆಗೆ ಹೋಗುವ ಶೋಕಿಯೂ ಬೇಡ. ಕೇರಳ-ಕರ್ನಾಟಕ ಗಡಿಯ ತಪಾಸಣೆಯಲ್ಲಿ ಇದು ನನ್ನ ಹವ್ಯಾಸ ಎಂದು ವಿವರಿಸುತ್ತಾ ನಿಲ್ಲುವುದು ಯಾರಿಗೂ ಹಿತವಲ್ಲ.

ಕುಲುಮೆಮನೆ (ಮುಳ್ಳೇರಿಯ) ಉತ್ತರ:

ಈ ಚರ್ಚೆಯನ್ನು ಓದುವಾಗ ನನಗೆ ಸ್ವಲ್ಪ ನಗು, ಸ್ವಲ್ಪ ಸಿಟ್ಟು ಎರಡೂ ಬಂದವು. ನನ್ನ ತಂದೆ ಕಮ್ಮಾರರು. ಯಾರನ್ನು ಕಡಿಯುವುದಕ್ಕೆ ಎಂದು ಅವರನ್ನು ಯಾರೂ ಕೇಳಿದ್ದಿಲ್ಲ. ಕೇಳುತ್ತಿದ್ದುದು ಯಾವಾಗ ಆಗುತ್ತದೆ, ಎಷ್ಟು ಕಡಿಮೆ ಮಾಡುತ್ತೀ ಎಂದು ಮಾತ್ರ. ಸುತ್ತಿಗೆ ಅವರ ಕೈಯಲ್ಲಿದ್ದಾಗ ಅದು ಕುಲಕಸುಬು, ತೋಟವುಳ್ಳವರ ಕೈಗೆ ಬಂದಾಗ ಹವ್ಯಾಸ. ಮಂಗಳೂರಿನಲ್ಲಿ ಕಚೇರಿ ಕೆಲಸದಲ್ಲಿರುವ ನಾನು ಭಾನುವಾರ ಊರಿಗೆ ಬಂದು ತಿದಿಯ ಮುಂದೆ ಕುಳಿತರೆ, ಓದಿಸಿದ್ದು ಇದಕ್ಕೇನಾ ಎಂದು ಅಮ್ಮ ಕೇಳುತ್ತಾರೆ. ನಿಮ್ಮ ನೆಂಟರು ನಿಮ್ಮ ಬಗ್ಗೆ ಹೆದರುತ್ತಾರೆ, ನನ್ನವರು ನಾನು ಹಿಂದೆ ಹೋಗುತ್ತಿದ್ದೇನೆಂದು ನೊಂದುಕೊಳ್ಳುತ್ತಾರೆ. ಅವರ ನೋವು ನನಗೆ ಅರ್ಥವಾಗುತ್ತದೆ, ಆದರೂ ಬಿಡುವುದಿಲ್ಲ.

ತಂದೆಯ ಪ್ರತಿಕ್ರಿಯೆಯೊಂದೇ ನನಗೆ ಬೇಕಾದದ್ದು, ಅದರಲ್ಲಿ ಮೆಚ್ಚುಗೆ ಬಹಳ ಕಡಿಮೆ. ನಾನು ಬೆಲ್ಟ್ ಗ್ರೈಂಡರ್ ತಂದಾಗ ಅವರು ಅದನ್ನು ಹಳಿಯಲಿಲ್ಲ; ಉಜ್ಜುವಾಗ ಬಾಯಿಯಂಚಿಗೆ ನೀಲಿ ಬಣ್ಣ ಬಂದರೆ ಹದ ಹೋಯಿತೆಂದೇ ತಿಳಿ, ಆಗಾಗ ನೀರಿನಲ್ಲಿ ಅದ್ದು ಎಂದರು. ನೀಲಿ ಬರುವುದು ಸುಮಾರು 300 ಡಿಗ್ರಿಯಲ್ಲಿ, ಅಂದರೆ ಪ್ರಶ್ನೆ ಕೇಳಿದವರು ಓವನಿನಲ್ಲಿ ಕೊಡುವ ಶಾಖಕ್ಕಿಂತ ಬಹಳ ಮೇಲೆ. ಹೊಗಳಿಕೆಗಿಂತ ಇಂತಹ ಮಾತು ಸಿಗುವ ಕಡೆಗೆ ನಿಮ್ಮ ಚೂರಿಯನ್ನು ಒಯ್ಯಿರಿ.

ಇನ್ನೊಂದು ವಿಷಯ. ನೆರೆಹೊರೆಯವರಿಗೆ ಪುಕ್ಕಟೆಯಾಗಿಯೋ ಇದ್ದಿಲಿನ ಖರ್ಚಿಗೋ ಮಡಲುಕತ್ತಿ, ಹುಲ್ಲುಕತ್ತಿ ಮಾಡಿಕೊಡಬೇಡಿ. ನಿಮಗೆ ಅದು ಒಳ್ಳೆಯ ಹೆಸರು ತರಬಹುದು, ಆದರೆ ಆ ಕೆಲಸದಲ್ಲೇ ಬದುಕುವವರ ದರ ಅಲ್ಲಿಗೆ ಮುರಿಯುತ್ತದೆ.

ತೋಟದಬದಿ:

ಹಲಸಿನಮರ ಅವರು ಹೇಳಿದ ಕ್ರಮವನ್ನು ಮುಂದಿನ ಸಲ ನೆಂಟರು ಬಂದಾಗ ಅನುಸರಿಸುತ್ತೇನೆ. ಆದರೂ ಎಲ್ಲ ಚೂರಿಯೂ ಸೌತೆಕಾಯಿಯ ನೆಪ ಹೇಳಬೇಕೆಂಬುದನ್ನು ನಾನು ಒಪ್ಪುವುದಿಲ್ಲ, ಕಾನೂನಿನ ಮಿತಿಯೊಳಗೆ ಕೆಲವನ್ನು ಅಂದಕ್ಕಾಗಿಯೇ ಮಾಡುವ ಆಸೆ ನನಗಿದೆ. ಕುಲುಮೆಮನೆಯವರ ದರದ ಮಾತು ನನಗೆ ಹೊಳೆದೇ ಇರಲಿಲ್ಲ. ಪಕ್ಕದ ಮನೆಯವರು ಕೇಳಿರುವ ಹುಲ್ಲುಕತ್ತಿಯನ್ನು ನಿಮ್ಮ ತಂದೆಯವರಿಂದಲೇ ಮಾಡಿಸುವಂತೆ ಅವರಿಗೆ ಹೇಳುತ್ತೇನೆ. ಅವರ ಜೊತೆಗೆ ನಾನೂ ಬಂದು ನನ್ನ ಎರಡು ಅಲಗುಗಳನ್ನು ತೋರಿಸಬಹುದೇ? ಯಾವ ದಿನ ಅವರು ಕುಲುಮೆ ಹಚ್ಚುತ್ತಾರೆಂದು ತಿಳಿಸಿದರೆ ಉಪಕಾರವಾಗುತ್ತದೆ.