ಜೆಲಾಟಿನ್ ಲಿವರ್ ಫ್ಯಾಂಟಮ್: ಸ್ಕ್ರೀನ್ ಮೇಲೆ ಮೇಲರ್ಧ ಕಪ್ಪು, ಕೆಳಗೆ ಬಿಳಿ, ಅಲ್ಲಲ್ಲಿ ಚುಕ್ಕೆ. ಏನು ಮಾಡಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಲ್ಟ್ರಾಸೌಂಡ್ ನೋಡಿಕೊಂಡು ಲಿವರ್ ಬಯಾಪ್ಸಿ (ಸೂಜಿಯಿಂದ ಸಣ್ಣ ತುಣುಕು ತೆಗೆಯೋದು) ಮಾಡೋದನ್ನು ಕಿರಿಯ ಡಾಕ್ಟರ್‌ಗಳಿಗೆ ಕಲಿಸಲು ಫ್ಯಾಂಟಮ್, ಅಂದರೆ ಅಭ್ಯಾಸಕ್ಕೆ ನಕಲಿ ಲಿವರ್, ಮಾಡುತ್ತಿದ್ದೇನೆ. ಒಂದು ಲೀಟರ್ ನೀರಿಗೆ 120 ಗ್ರಾಂ ಜೆಲಾಟಿನ್, ಶಬ್ದವನ್ನು ಚದುರಿಸಿ ಸ್ಕ್ರೀನ್‌ನಲ್ಲಿ ಬೆಳ್ಳಗೆ ಕಾಣಲಿ ಅಂತ 30 ಗ್ರಾಂ ಗ್ರಾಫೈಟ್ ಪುಡಿ ಹಾಕುತ್ತೇನೆ. ಚೆನ್ನಾಗಿ ಕಲಕಿ, ಬಿಸಿ ಇರುವಾಗಲೇ ಅಚ್ಚಿಗೆ ಸುರಿದು ಫ್ರಿಜ್‌ನಲ್ಲಿ ಇಡುತ್ತೇನೆ. ಗಡ್ಡೆಯ ಜಾಗಕ್ಕೆ, ಪುಡಿ ಹಾಕದ ಜೆಲಾಟಿನ್ ಉಂಡೆ.

ಪ್ರೋಬ್ ಇಟ್ಟರೆ ಮೇಲಿನ ಅರ್ಧ ಕಪ್ಪು, ಕೆಳಗಿನ ಅರ್ಧ ಬೆಳ್ಳಗೆ. ನಡುನಡುವೆ ಹೊಳೆಯುವ ಚುಕ್ಕೆಗಳು, ಒಂದೊಂದಕ್ಕೂ ಕೆಳಗೆ ಬಾಲ. ನಾಲ್ಕು ಜನ ಸೂಜಿ ಹಾಕುವಷ್ಟರಲ್ಲಿ ಹಳೇ ಸೂಜಿ ಹೋದ ದಾರಿಗಳೇ ಬಿಳಿ ಗೆರೆಗಳಾಗಿ ನಿಂತುಬಿಡುತ್ತವೆ. ಹೊಸಬರಿಗೆ ಸೂಜಿ ಯಾವುದು, ಹಳೇ ಗೆರೆ ಯಾವುದು ಅಂತ ಗೊತ್ತಾಗಲ್ಲ. ಯಾರಾದರೂ ದಾರಿ ತೋರಿಸಿ.

ಉತ್ತರ 1

ಮೇಡಂ, ಮೊದಲು ಒಂದು ಸಣ್ಣ ಪರೀಕ್ಷೆ. ಫ್ಯಾಂಟಮ್ಮನ್ನು ಅಚ್ಚಿನಿಂದ ತೆಗೆದು ತಲೆಕೆಳಗು ಮಾಡಿ, ಇನ್ನೊಂದು ಮುಖದಿಂದ ನೋಡಿ. ಈಗ ಸ್ಕ್ರೀನ್‌ನ ಮೇಲ್ಭಾಗ ಬೆಳ್ಳಗಾದರೆ ಪುಡಿ ತಳಕ್ಕೆ ಕೂತಿದೆ ಅಂತ ಅರ್ಥ. ತಿರುಗಿಸಿದ ಮೇಲೂ ಕೆಳಗೇ ಬಿಳಿ ಇದ್ದರೆ ಫ್ಯಾಂಟಮ್‌ನದ್ದೇನೂ ತಪ್ಪಿಲ್ಲ, ಮೆಷಿನ್‌ನ ಟಿಜಿಸಿ ಗುಂಡಿಗಳನ್ನು (ಆಳಕ್ಕೆ ತಕ್ಕಂತೆ ಹೊಳಪು ಹೊಂದಿಸುವವು) ಸರಿಮಾಡಿ.

ನೀವು ಬರೆದದ್ದು ನೋಡಿದರೆ ಪುಡಿ ಕೂತಿರೋದೇ ಜಾಸ್ತಿ ಸಂಭವ. ಗ್ರಾಫೈಟ್ ನೀರಿಗಿಂತ ಎರಡು ಪಟ್ಟಿಗೂ ಹೆಚ್ಚು ಭಾರ. ಜೆಲಾಟಿನ್ ಬಿಸಿ ಇದ್ದಾಗ ತೆಳ್ಳಗಿರುತ್ತದೆ, ಗಟ್ಟಿಯಾಗೋಕೆ ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಪುಡಿ ಇಳಿದುಹೋಗುತ್ತದೆ.

ಬಾಲ ಇರುವ ಚುಕ್ಕೆಗಳು ಗಾಳಿ ಗುಳ್ಳೆಗಳು. ಇಲ್ಲೇ ತೊಡಕು ಇರೋದು. ಗುಳ್ಳೆ ಹೋಗಬೇಕಾದರೆ ಮಿಶ್ರಣ ಬಿಸಿಯಾಗಿ, ತೆಳ್ಳಗೆ ಇರಬೇಕು. ಪುಡಿ ನಿಲ್ಲಬೇಕಾದರೆ ತಣ್ಣಗೆ, ಮಂದವಾಗಿ ಇರಬೇಕು. ಎರಡನ್ನೂ ಒಂದೇ ಹೊತ್ತಿಗೆ ಮಾಡೋಕೆ ಹೋದರೆ ಯಾವುದೂ ಆಗಲ್ಲ. ಗುಳ್ಳೆ ಕೆಲಸ ಮುಗಿಸಿದ ಮೇಲೇ ಪುಡಿಯನ್ನು ಮುಟ್ಟಿ.

ನೀರನ್ನು ಒಮ್ಮೆ ಕುದಿಸಿ ಆರಿಸಿ, ಕರಗಿರುವ ಗಾಳಿ ಹೋಗುತ್ತದೆ. ಆ ತಣ್ಣೀರಲ್ಲಿ ಜೆಲಾಟಿನ್ ನೆನೆಸಿ, ಉಬ್ಬಿದ ಮೇಲೆ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ. ಕುದಿಸಬೇಡಿ, ಕುದಿಸಿದರೆ ಅದರ ಗಟ್ಟಿತನ ಕುಂದುತ್ತದೆ. 50 ಡಿಗ್ರಿ ಆಸುಪಾಸಿನಲ್ಲಿ ಸುಮ್ನೆ ಬಿಡಿ. ಮೇಲೆ ಬಂದ ನೊರೆಯನ್ನು ಚಮಚದಲ್ಲಿ ತೆಗೆಯಿರಿ. ವ್ಯಾಕ್ಯೂಮ್ ಪಂಪ್ ಇದ್ದರೆ ಇನ್ನೂ ಒಳ್ಳೆಯದು.

ಗ್ರಾಫೈಟನ್ನು ಒಣದಾಗಿ ಉದುರಿಸಬೇಡಿ. ಅದಕ್ಕೆ ನೀರು ಸುಲಭವಾಗಿ ಹತ್ತಲ್ಲ, ಪ್ರತಿ ಕಣವೂ ಗಾಳಿ ಹೊತ್ತುಕೊಂಡೇ ಒಳಗೆ ಹೋಗುತ್ತದೆ. ಪಕ್ಕದಲ್ಲಿ ಗ್ಲಿಸರಿನ್ ಹಾಕಿ ಪೇಸ್ಟ್ ಮಾಡಿಕೊಂಡು, ಗಂಟಿಲ್ಲದಂತೆ ಅರೆದು ಸೇರಿಸಿ. ಆಮೇಲೆ ಪಾತ್ರೆಯನ್ನು ತಣ್ಣೀರಲ್ಲಿಟ್ಟು ನಿಧಾನವಾಗಿ ಕಲಕುತ್ತಾ ಇರಿ. ಬೀಟರ್ ಬೇಡವೇ ಬೇಡ. ಅಂಚಲ್ಲಿ ಮೊದಲು ಗಟ್ಟಿಯಾಗುತ್ತದೆ, ಅದನ್ನು ಕೆರೆದು ಒಳಗೆ ಸೇರಿಸುತ್ತಿರಿ. 30 ಡಿಗ್ರಿ ಹತ್ತಿರ ಬಂದಾಗ ಜೇನುತುಪ್ಪದಷ್ಟು ಮಂದವಾಗುತ್ತದೆ, ಚಮಚ ಎಳೆದ ಗೆರೆ ಒಂದು ಕ್ಷಣ ಉಳಿಯುತ್ತದೆ. ಆಗ ಅಚ್ಚಿನ ಗೋಡೆಗೆ ತಾಗಿಸಿ, ಸಣ್ಣಗೆ ಸುರಿಯಿರಿ. ಆ ಹದ ಬಹಳ ಹೊತ್ತು ನಿಲ್ಲಲ್ಲ, ಅಚ್ಚು ಮೊದಲೇ ತಯಾರಿರಲಿ.

ಉತ್ತರ 2

ಇಷ್ಟೆಲ್ಲಾ ಯಾಕೆ, ಸಿಲಿಕೋನ್‌ನಲ್ಲೇ ಮಾಡಬಹುದಲ್ವಾ? ಬೂಷ್ಟು ಹಿಡಿಯಲ್ಲ, ಕರಗಲ್ಲ, ವರ್ಷಗಟ್ಟಲೆ ಬಾಳುತ್ತೆ.

ಉತ್ತರ 1

ಕಣ್ಣಿಗೆ, ಕೈಗೆ ಸಿಲಿಕೋನ್ ಚೆನ್ನಾಗಿರುತ್ತದೆ ಸರ್. ಎಂಡೋಸ್ಕೋಪಿ ತರಬೇತಿಗೆ ನಾನೂ ಅದನ್ನೇ ಹೇಳುತ್ತೇನೆ. ಅಲ್ಟ್ರಾಸೌಂಡ್‌ಗೆ ಮಾತ್ರ ಬೇಡ. ದೇಹದೊಳಗೆ ಶಬ್ದ ಸೆಕೆಂಡಿಗೆ 1540 ಮೀಟರ್ ಹೋಗುತ್ತದೆ ಅಂತ ಇಟ್ಟುಕೊಂಡೇ ಮೆಷಿನ್ ಆಳ ಲೆಕ್ಕ ಹಾಕೋದು. ಸಿಲಿಕೋನ್‌ನಲ್ಲಿ ಆ ವೇಗ ಸುಮಾರು 1000. ಹಾಗಾಗಿ 3 ಸೆಂಟಿಮೀಟರ್ ಆಳದ ಗಡ್ಡೆ ಸ್ಕ್ರೀನ್‌ನಲ್ಲಿ 4.6 ಸೆಂಟಿಮೀಟರ್‌ನಲ್ಲಿ ಕಾಣುತ್ತದೆ. ಸಿಗ್ನಲ್ಲನ್ನೂ ಜಾಸ್ತಿ ನುಂಗಿಬಿಡುತ್ತದೆ. ಕಲಿಯುವವರ ಕೈ ತಪ್ಪು ಆಳಕ್ಕೆ ಪಳಗಬಾರದು. ನಾಳೆ ಆ ಕೈ ರೋಗಿಯ ಮೇಲೆ ಕೆಲಸ ಮಾಡಬೇಕಲ್ಲ.

ಜಾಸ್ತಿ ಬಾಳಿಕೆ ಬೇಕಾದರೆ ಪಿವಿಎ (ನೀರಲ್ಲಿ ಕರಗುವ ಪಾಲಿವಿನೈಲ್ ಆಲ್ಕೋಹಾಲ್) ನೋಡಿ. ಬಿಸಿನೀರಲ್ಲಿ ಕರಗಿಸಿ, ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿಸಿ, ಮತ್ತೆ ಕರಗಲು ಬಿಡಬೇಕು. ಪ್ರತಿ ಸುತ್ತಿಗೂ ಗಟ್ಟಿತನ ಏರುತ್ತದೆ.

ಪ್ರಶ್ನೆ ಕೇಳಿದವರು

ತಿರುಗಿಸಿ ನೋಡಿದೆ, ಬಿಳಿ ಮೇಲಕ್ಕೆ ಬಂತು! ಪುಡಿಯೇ ಕೂತಿದ್ದು. ನೀವು ಹೇಳಿದ ಹಾಗೆ ಮಂದವಾದ ಮೇಲೆ ಸುರಿದೆ. ಈಗ ಮೇಲಿಂದ ಕೆಳಗಿನವರೆಗೂ ಒಂದೇ ಬೂದು ಬಣ್ಣ, ಬಾಲದ ಚುಕ್ಕೆಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ತುಂಬಾ ಖುಷಿಯಾಯಿತು. ಆದರೆ ಗಡ್ಡೆಯ ಅಂಚು ಕದಡಿಹೋಗಿದೆ, ಜಾಗವೂ ಬದಲಾಗಿದೆ. ಸೂಜಿ ಗೆರೆಗಳ ಕಾಟವೂ ಇದೆ.

ಉತ್ತರ 1

ಗಡ್ಡೆಯನ್ನು ಅಗರ್‌ನಲ್ಲಿ (ಕಡಲಕಳೆಯಿಂದ ಬರುವ ಜೆಲ್ ಪುಡಿ) ಮಾಡಿ. ಗಟ್ಟಿಯಾದ ಅಗರ್ ಮತ್ತೆ ಕರಗೋಕೆ ಸುಮಾರು 85 ಡಿಗ್ರಿ ಬೇಕು. ಜೆಲಾಟಿನ್ 35ರ ಒಳಗೇ ಕರಗುತ್ತದೆ. ಹಾಗಾಗಿ ಸುತ್ತ ಜೆಲಾಟಿನ್ ಸುರಿದರೂ ಅಗರ್ ಉಂಡೆಯ ಅಂಚು ಹಾಗೇ ಉಳಿಯುತ್ತದೆ. ಇಡೀ ಲಿವರನ್ನು ಅಗರ್‌ನಲ್ಲಿ ಮಾಡಬೇಡಿ, ಸೂಜಿ ತಾಗಿದರೆ ಬಿರುಕು ಬಿಡುತ್ತದೆ.

ಸುರಿಯೋದು ಎರಡು ಕಂತಿನಲ್ಲಿ. ಅರ್ಧ ಸುರಿದು, ಮೇಲ್ಮೈ ಅಂಟಂಟಾಗಿರುವಾಗಲೇ ಉಂಡೆ ಇಟ್ಟು, ಉಳಿದದ್ದನ್ನು ಸುರಿಯಿರಿ. ಪೂರ್ತಿ ಗಟ್ಟಿಯಾದ ಮೇಲೆ ಸುರಿದರೆ ನಡುವೆ ಗಾಳಿ ಸಿಕ್ಕಿಕೊಂಡು ಅಡ್ಡಡ್ಡ ಬಿಳಿ ಗೆರೆ ಬರುತ್ತದೆ.

ಸೂಜಿ ಗೆರೆ ಅಂದರೆ ದಾರಿಯೊಳಗೆ ಸೇರಿದ ಗಾಳಿ. ಒಳಗಿನ ಸ್ಟೈಲೆಟ್ (ಸೂಜಿಯ ಟೊಳ್ಳು ತುಂಬುವ ತೆಳು ಕಡ್ಡಿ) ಹಾಕಿಕೊಂಡೇ ಚುಚ್ಚಲಿ. ಪ್ರೋಬ್ ಕೆಳಗೆ ಧಾರಾಳವಾಗಿ ನೀರೋ ಜೆಲ್ಲೋ ಇರಲಿ, ಸೂಜಿ ಹೊರಗೆ ಬರುವಾಗ ಗಾಳಿ ಒಳಗೆ ಹೋಗೋದು ಕಡಿಮೆಯಾಗುತ್ತದೆ. ಗೆರೆ ತುಂಬಿದ ಮೇಲೆ ಅಗರ್ ಉಂಡೆ ತೆಗೆದಿಟ್ಟು, ಜೆಲಾಟಿನ್ ಕರಗಿಸಿ ಮತ್ತೆ ಅದೇ ಕ್ರಮದಲ್ಲಿ ಸುರಿಯಿರಿ. ಬೂಷ್ಟಿಗೆ ಸ್ವಲ್ಪ ಬೆಂಜಾಲ್ಕೋನಿಯಂ ಕ್ಲೋರೈಡ್ ಸಾಕು.

ಅಗರ್ ಉಂಡೆಗೆ ಗ್ರಾಫೈಟ್ ಹಾಕಬೇಡಿ. ಸ್ಕ್ರೀನ್‌ನಲ್ಲಿ ಗಡ್ಡೆ ಕಪ್ಪಗೆ ಕಾಣುತ್ತದೆ. ಬಯಾಪ್ಸಿ ಸೂಜಿ ತೆರೆದಾಗ ಬೂದು ತುಣುಕಿನ ನಡುವೆ ತಿಳಿ ಬಣ್ಣದ ಭಾಗ ಇದ್ದರೆ ಗುರಿ ಮುಟ್ಟಿದ್ದಾರೆ, ಪೂರ್ತಿ ಬೂದು ಇದ್ದರೆ ಮುಟ್ಟಿಲ್ಲ. ಕಲಿಯುವವರಿಗೆ ಅಲ್ಲೇ, ಆ ಕ್ಷಣವೇ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು

ಇದು ನನಗೆ ಹೊಳೆದಿರಲಿಲ್ಲ. ಮುಂದಿನ ಅಚ್ಚು ಹೀಗೇ ಮಾಡುತ್ತೇನೆ. ಉಂಡೆಗೆ ಅಗರ್ ಎಷ್ಟು ಹಾಕಲಿ?

ಉತ್ತರ 1

100 ಮಿಲಿ ನೀರಿಗೆ 3 ಗ್ರಾಂ. ಪೂರ್ತಿ ಕುದಿಸಿ ಕರಗಿಸಿ.