ಚಾಕು ಕೆರೆಗೆ, ಕಥೆಯೂ ಕೆರೆಗೆ

ಮಿರ್ಚಿ ಭಜಿ: ಶುಕ್ರವಾರ ಬಂತಲ್ಲ, ನಮ್ಮ ಹುಬ್ಬಳ್ಳಿಯಲ್ಲೇ ನಡೆಯುವ ಕೊಲೆ ಕಥೆಯ ಸಿನಿಮಾ, ರಾತ್ರಿ ಆಟಕ್ಕೆ ಹೋಗಿದ್ದೆ. ಇಂಟರ್ವಲ್‌ವರೆಗೆ ಚೆನ್ನಾಗಿತ್ತು. ಆಮೇಲೆ ಸ್ಟೇಷನ್‌ನಲ್ಲಿ ನಾಲ್ಕು ಏಟು. 'ನಾನೇ ಕೊಂದೆ, ಚಾಕು ಉಣಕಲ್ ಕೆರೆಗೆ ಎಸೆದೆ' ಅಂತಾನೆ ಆರೋಪಿ. ಇನ್‌ಸ್ಪೆಕ್ಟರ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಡೆದು ಬರುತ್ತಾನೆ. ಮುಗೀತು! ಇಷ್ಟಕ್ಕೆ ಎರಡೂವರೆ ತಾಸು ಕೂರಿಸಬೇಕಿತ್ತಾ?

ಗದಗಿನವಳು: ವಿಮರ್ಶೆ ಬರೆದವರೆಲ್ಲ ಉದ್ದ ಜಾಸ್ತಿ ಅಂದರು. ನನಗೆ ಸಿಟ್ಟು ಬಂದಿದ್ದು ಮಾತಿನ ಮೇಲೆ. ರೌಡಿಗಳು ಮಾತಿಗೊಮ್ಮೆ 'ಮಗನಾ' ಅಂತಾರೆ. ಸತ್ತವನ ತಾಯಿ ಅಳುವಾಗ ಮಾತ್ರ ಮೈಸೂರು ಕನ್ನಡ! ನಮ್ಮ ಮಾತಿನಲ್ಲಿ ಅಳೋಕೆ ಬರಲ್ವಾ?

ದಾಜಿಬಾನ್ ಪೇಟೆ: ಅಕ್ಕಾ, ಸುಮ್ನೆ ತಪ್ಪು ಹುಡುಕಬೇಡಿ. '302 ಹಾಕ್ತೀನಿ' ಅಂದಾಗ ಎಷ್ಟು ಶಿಳ್ಳೆ ಬಿತ್ತು ಗೊತ್ತಾ?

ಧಾರವಾಡದ ಕರಿಕೋಟು: 302 ಹಳೇ ದಂಡ ಸಂಹಿತೆಯ ಕಲಂ, ಕೊಲೆಗೆ ಈಗ ನ್ಯಾಯ ಸಂಹಿತೆಯ 103, ತಮ್ಮಾ. ಹೋಗಲಿ ಬಿಡು, ಕೋರ್ಟ್ ಕ್ಯಾಂಟೀನಿನಲ್ಲಿ ನಾವೂ ಇನ್ನೂ 302 ಅಂತಲೇ ಅಂತೀವಿ. ನನ್ನ ತಕರಾರು ಬೇರೆ. ಪೊಲೀಸರ ಮುಂದೆ ತಪ್ಪು ಒಪ್ಪಿಕೊಂಡರೆ ಅದು ಕೋರ್ಟ್‌ನಲ್ಲಿ ಸಾಕ್ಷಿ ಆಗುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲೂ ಹಾಗೇ ಇತ್ತು, 2024ರ ಜುಲೈ 1ರಿಂದ ಜಾರಿಯಾದ ಹೊಸದರಲ್ಲೂ ಹಾಗೇ ಇದೆ.

ಮಿರ್ಚಿ ಭಜಿ: ಅಂದ್ರೆ ಬಿಟ್ಟುಬಿಡ್ತಾರಾ ಸರ್?

ಧಾರವಾಡದ ಕರಿಕೋಟು: ಹಾಗಲ್ಲ. ಅವನು ಹೇಳಿದ ಮೇಲೆ ಅಲ್ಲಿ ಚಾಕು ಸಿಕ್ಕರೆ, ಅದಕ್ಕೆ ಸಂಬಂಧಪಟ್ಟಷ್ಟು ಮಾತು ಕೋರ್ಟ್‌ನಲ್ಲಿ ನಡೆಯುತ್ತದೆ. ಅಂದರೆ ಕೆರೆಗೆ ಇಳಿಯಲೇಬೇಕು. ಈಜುಗಾರರು ನೀರಲ್ಲಿ, ಪಂಚರು, ಅಂದರೆ ಪೊಲೀಸರು ಸಾಕ್ಷಿಗೆ ಕರೆತಂದವರು, ತಲೆ ಮೇಲೆ ಟವೆಲ್ ಹಾಕಿಕೊಂಡು ದಂಡೆಯ ಬಿಸಿಲಲ್ಲಿ. ಅಂತರಗಂಗೆ ಬಿಟ್ಟು ಬೇರೇನೂ ಮೇಲೆ ಬರುತ್ತಿಲ್ಲ. ಕೊನೆಗೆ ಚಾಕು ಸಿಕ್ಕಿತು, ಪಂಚನಾಮೆ ಆಯಿತು ಅನ್ನಿ. ಎರಡು ವರ್ಷದ ಮೇಲೆ ಅದೇ ಪಂಚ ಕಟಕಟೆ ಹತ್ತಿ 'ಸಹಿ ನಂದೇ, ಚಾಕು ನೋಡಿಲ್ಲ' ಅಂತಾನೆ. ನಾನು ಇದನ್ನು ಎಷ್ಟು ಸಲ ಕೇಳಿದ್ದೇನೋ! ನಿರ್ದೇಶಕರು ಆ ಕೆರೆಯನ್ನು ಡ್ರೋನ್‌ನಿಂದ ಮೂರು ಸಲ ತೋರಿಸಿದರು, ಒಳಗೆ ಒಬ್ಬರನ್ನೂ ಇಳಿಸಲಿಲ್ಲ.

ದಾಜಿಬಾನ್ ಪೇಟೆ: ಕೋರ್ಟ್ ತೋರಿಸಿದ್ರೆ ನಿದ್ದೆ ಬರುತ್ತೆ ಸರ್.

ಗದಗಿನವಳು: ಬರದ ಹಾಗೆ ತೆಗೆಯೋದು ಅವರ ಕೆಲಸ. ಆ ಪಂಚನ ಮನೆಗೆ ಹಿಂದಿನ ರಾತ್ರಿ ಯಾರು ಬಂದಿದ್ದರು ಅಂತ ತೋರಿಸಲಿ. ನಾನು ಇಂಟರ್ವಲ್‌ಗೂ ಏಳಲ್ಲ.

ದಾಜಿಬಾನ್ ಪೇಟೆ: ಹಾಗಾದ್ರೆ ನೀವೇ ತೆಗೀರಿ. ಚಾಕು ಹುಡುಕೋಕೆ ನಾನು ಬರ್ತೀನಿ, ಈಜು ಬರುತ್ತೆ.

ಧಾರವಾಡದ ಕರಿಕೋಟು: ಪಂಚ ಆಗ್ತೀಯಾ?

ದಾಜಿಬಾನ್ ಪೇಟೆ: ಅದೊಂದು ಬ್ಯಾಡ್ರೀ ಸರ್.